ಒಣಹಳ್ಳಕ್ಕೆ ನೀರು ಬಂದ ಶನಿವಾರ

ಅಕ್ಕಾ,

ದುಬೈನ ಮುರಕ್ಕಬಾತಿನ ನಿನ್ನ ಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದ ಗಾಳದ ಕೋಲು ಈಗ ಅಲ್ಲಿಲ್ಲ. ಇದನ್ನು ನಿನಗೆ ಬೇರೆ ಯಾರೂ ಹೇಳುವುದಿಲ್ಲ. ಭಾವನಂತೂ ಹೇಳುವುದೇ ಇಲ್ಲ. ನಾನೇ ಹೇಳಬೇಕು, ಅದೂ ಮೊದಲಿನಿಂದ.

ನೀನು ಆ ಕೋಲನ್ನು ಕೊನೆಯದಾಗಿ ಮುಟ್ಟಿದ ಶುಕ್ರವಾರ ಸಂಜೆ ನೆನಪಿದೆಯಾ? ನಾನು ಅಬುಧಾಬಿಯ ಖಾಲಿದಿಯಾದಲ್ಲಿ, ನೀನು ದುಬೈನಲ್ಲಿ, ನಡುವೆ ಫೋನಿನ ಪರದೆ. ಕ್ಲಿನಿಕ್ಕಿನ ಲ್ಯಾಬಿನ ಕೆಲಸದಿಂದ ಆಗಷ್ಟೇ ಬಂದ ನೀನು ಬಟ್ಟೆಯನ್ನೂ ಬದಲಿಸದೆ ನೆಲದ ಮೇಲೆ ಕುಳಿತು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹಸಿರು ರಬ್ಬರಿನ ಕಪ್ಪೆಯೊಂದನ್ನು ಕಟ್ಟುತ್ತಿದ್ದೆ. "ನಾಳೆ ಆ ಮುದುಕಪ್ಪ ತಪ್ಪಿಸ್ಕೊಂಡ್ರ ಕೇಳಲೇ ಮಂಗಿ!" ಎಂದು ನೀನು ನಕ್ಕಿದ್ದೆ. ನೀನು ಗಾಳ ಹಾಕುತ್ತಿದ್ದ ತೋಟದ ಕೆರೆಯ ನಡುವಿನ ಜಾಲಿಮರದ ಬುಡದಲ್ಲಿ ಅಡಗಿರುವ, ಮೀಸೆಯ ದೊಡ್ಡ ಮುರುಗೋಡು ಮೀನಿಗೆ ನೀನು ಇಟ್ಟ ಹೆಸರು ಅದು. ಗಂಟನ್ನು ಎರಡು ಸಲ ಜಗ್ಗಿ ನೋಡಿ, ಕೋಲನ್ನು ಬಾಗಿಲ ಹಿಂದೆ ಒರಗಿಸಿದೆ. ಬೆಳಿಗ್ಗೆ ಭಾವ ಕಾಫಿ ತಂದು ಎಬ್ಬಿಸಿದಾಗ ನೀನು ಏಳಲಿಲ್ಲ.

ಆಮೇಲೆ ಆ ಕೋಲನ್ನು ಯಾರೂ ಅಲುಗಿಸಲಿಲ್ಲ. ಕಸ ಗುಡಿಸುವಾಗಲೂ ಭಾವ ಅದರ ಸುತ್ತ ಗುಡಿಸುತ್ತಿದ್ದರು.

ಹೊಸಪೇಟೆಯ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವರು ನಾವು. ಅಪ್ಪ ಗೇಟಿನ ಡ್ಯೂಟಿಗೆ ಹೋದರೆ ನಾವಿಬ್ಬರೂ ಹಿನ್ನೀರಿನ ಅಂಚಿನಲ್ಲಿ ಬಿದಿರುಕೋಲು ಹಿಡಿದು ಕೂರುವುದು. ನನ್ನನ್ನು ಕಾಲುವೆಗೆ ತಳ್ಳಿ ಈಜು ಕಲಿಸಿದ್ದೂ ನೀನೇ. ಆದರೆ ಸುತ್ತ ಸಮುದ್ರವೇ ಇರುವ ಈ ದೇಶಕ್ಕೆ ಬಂದ ಮೇಲೂ ನಿನಗೆ ಸಿಹಿನೀರಿನ ಮೀನೇ ಬೇಕಿತ್ತಲ್ಲ! "ಸಮುದ್ರದ ಮೀನು ಹುಟ್ಟಿದಾಗಿಂದ ಉಪ್ಪಿನಕಾಯಿ ಆಗಿರ್ತಾವ," ಎನ್ನುತ್ತಿದ್ದೆ ನೀನು. ಅಮೆರಿಕದವರು ಜಲಾಶಯಗಳಲ್ಲಿ ಬಾಸ್, ಕ್ರಾಪಿ ಎಂಬ ಮೀನುಗಳನ್ನು ಹಿಡಿಯುವ ವಿಡಿಯೋಗಳನ್ನು ಊಟ ಬಿಟ್ಟು ನೋಡುತ್ತಿದ್ದೆ. ಇಲ್ಲಿ ಬಾಸ್ ಎಲ್ಲಿಂದ ಬರಬೇಕು? "ನನ್ನ ಗಾಳಕ್ಕ ಬಿದ್ದ ಬಾಸ್ ಇವರೊಬ್ಬರೇ," ಎಂದು ಭಾವನನ್ನು ತೋರಿಸಿದರೆ ಅವರು ಕನ್ನಡಕದ ಮೇಲಿಂದ ನೋಡಿ ಮತ್ತೆ ಪದಬಂಧಕ್ಕೆ ಮರಳುವರು. ಮೈಸೂರಿನ ಅಗ್ರಹಾರದ ಹುಡುಗ, ಮೀನು ತಿನ್ನುವುದಿರಲಿ, ಮುಟ್ಟಿದವರೂ ಅಲ್ಲ. ಪ್ರತಿ ಶನಿವಾರ ಮಡಚುವ ಕುರ್ಚಿ ಹೊತ್ತು ನಿನ್ನ ಜೊತೆ ಬರುವುದು, ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಡುವುದು, ನೀನು ಹಿಡಿದು ಬಿಟ್ಟ ಮೀನನ್ನು ದೂರದಿಂದಲೇ ಮೆಚ್ಚುವುದು. ಅಷ್ಟೇ ಅವರ ಮೀನುಗಾರಿಕೆ.

ನೀನು ಹೋದ ಎಷ್ಟೋ ದಿನಗಳ ಮೇಲೆ, ಅವರನ್ನು ನೋಡಲೆಂದು ನಾನು ಒಂದು ಶನಿವಾರ ಬೆಳಗಿನ ಬಸ್ಸು ಹಿಡಿದು ಬಂದಿದ್ದೆ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಬೆಲ್ ಒತ್ತಿದರೆ ಯಾರೂ ಬಾಗಿಲು ತೆಗೆಯಲಿಲ್ಲ. ನನ್ನ ಹತ್ತಿರ ಇದ್ದ ಕೀಲಿಯಿಂದ ತೆಗೆದೆ. ಭಾವ ಇರಲಿಲ್ಲ. ಫೋನು ಊಟದ ಮೇಜಿನ ಮೇಲಿತ್ತು, ನನ್ನವೇ ಮೂರು ಕರೆಗಳನ್ನು ತೋರಿಸುತ್ತ. ಬಾಗಿಲು ಮುಚ್ಚಲು ತಿರುಗಿದಾಗ ಅದರ ಹಿಂದಿನ ಗೋಡೆ ಕಂಡಿತು. ಖಾಲಿ. ನೀನು ಗಾಳ ಹಾಕುವಾಗ ತೊಡುತ್ತಿದ್ದ ಜೇಬುಗಳ ಅಂಗಿಯೂ ಮೊಳೆಯ ಮೇಲಿರಲಿಲ್ಲ.

ಮೀನು ಮುಟ್ಟದ ಮನುಷ್ಯ, ಈಜು ಬಾರದ ಮನುಷ್ಯ, ಫೋನು ಬಿಟ್ಟು, ಹೆಂಡತಿಯ ಅಂಗಿ ತೊಟ್ಟು, ಹೆಂಡತಿಯ ಗಾಳ ಹಿಡಿದು ಒಬ್ಬನೇ ಎಲ್ಲಿಗೆ ಹೋದ? ಯಾತಕ್ಕೆ ಹೋದ? ಅಕ್ಕಾ, ನನಗೆ ಬಂದ ಯೋಚನೆ ನಿನಗೆ ಗೊತ್ತು. ಅದನ್ನು ಬರೆಯುವುದಿಲ್ಲ.

ಕೆಳಗಿನ ಮಹಡಿಯ ಜುಬೇದಾಳ ಬಾಗಿಲು ಬಡಿದೆ. ಬೇಸಿಗೆಯಲ್ಲಿ ನಿನಗೆ ಉಳ್ಳಾಲದ ಹಲಸಿನ ಹಪ್ಪಳ ಕೊಡುತ್ತಿದ್ದವಳು, ಅದೇ ಜುಬೇದಾ. ಗೋಡೆ ಖಾಲಿ ಇರುವುದನ್ನು ಹೇಳಿದೊಡನೆ ಕಾರಿನ ಕೀ ತೆಗೆದುಕೊಂಡಳು.

"ಹತ್ತಾ ಬೆಟ್ಟದ ಕಡೆಯ ಆ ತೋಟ ಅಲ್ವಾ? ಶಾರದಕ್ಕ ಒಂದ್ಸಲ ಕರ್ಕೊಂಡು ಹೋಗಿದ್ರು. ನಡಿ, ಹೋಗುವಾ."

ಊರು ಬಿಟ್ಟು ಮರಳುಗಾಡಿನ ರಸ್ತೆಗೆ ಬಿದ್ದಾಗ ಬಿಸಿಲಿತ್ತು. ಬೆಟ್ಟಗಳ ಸಾಲು ಕಾಣಿಸತೊಡಗಿದಾಗ ಅದರ ಹಿಂದೆ ಇನ್ನೊಂದು ಸಾಲು ಕಂಡಿತು, ಬೆಟ್ಟಕ್ಕಿಂತ ಕಪ್ಪು. ಅದು ಮೋಡ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಇಬ್ಬರ ಫೋನುಗಳೂ ಒಟ್ಟಿಗೇ ಕಿರುಚಿಕೊಂಡವು. ಜುಬೇದಾ ರಸ್ತೆಯಿಂದ ಕಣ್ಣು ತೆಗೆಯದೆ, "ಎಂತ ಅಂತೆ ಓದು," ಎಂದಳು.

"ಮಳೆ. ವಾದಿಗಳ ಹತ್ರ ಹೋಗಬೇಡಿ ಅಂತ."

"ನಾವು ಹೋಗ್ತಾ ಇರೋದೇ ಅಲ್ಲಿಗೆ."

ಇಲ್ಲಿನವರು ವಾದಿ ಎನ್ನುವುದು ನಮ್ಮ ಒಣಹಳ್ಳವನ್ನೇ. ವರ್ಷವಿಡೀ ಕಲ್ಲು, ಮರಳು, ಆಡಿನ ಹಿಕ್ಕೆ. ಬೆಟ್ಟದ ಮೇಲೆ ಮಳೆಯಾದರೆ ಮಾತ್ರ ಅರ್ಧ ಗಳಿಗೆಯಲ್ಲಿ ಹೊಳೆ. ಆ ತೋಟಕ್ಕೆ ಹೋಗುವ ದಾರಿ ಅಂಥ ಹಳ್ಳವನ್ನೇ ದಾಟಿ ಹೋಗುತ್ತದಲ್ಲವೇ? ಆಚೆ ದಂಡೆಯಲ್ಲಿ ಅರ್ಬಾಬ್ ಎಂದು ಎಲ್ಲರೂ ಕರೆಯುವ ಮಾಲೀಕನ ಖರ್ಜೂರದ ತೋಟ, ಅದರ ತಲೆಯ ಮೇಲೆ ಬೆಟ್ಟದ ಸಂದಿಗೆ ಏರಿ ಕಟ್ಟಿ ಮಾಡಿದ ಕೆರೆ. ಪಾಚಿ ತಿನ್ನಲೆಂದು ಆತ ಬಿಟ್ಟ ಜಿಲೇಬಿ ಮೀನುಗಳು, ಯಾರು ಬಿಟ್ಟರೋ ಗೊತ್ತಿಲ್ಲದ ಮುರುಗೋಡುಗಳು. "ಮಾಲೀಕ ಒಬ್ಬ ಹೆಂಗ್ಸಿಗೆ ತೋಟದಲ್ಲಿ ಮೀನು ಹಿಡಿಯೋಕೆ ಬಿಟ್ಟಿದ್ದಾನೆ" ಎಂದು ಕಾವಲಿನ ಗುಲ್ ಖಾನ್ ಮೊದಲು ಮುಖ ಸಿಂಡರಿಸಿದ್ದನ್ನೂ, ಆಮೇಲೆ ನಿನಗಾಗಿ ಎರೆಹುಳು ಅಗೆದಿಡುತ್ತಿದ್ದುದನ್ನೂ ಭಾವ ಎಷ್ಟು ಚೆನ್ನಾಗಿ ಅಭಿನಯಿಸಿ ತೋರಿಸುತ್ತಿದ್ದರು!

ಹಳ್ಳದ ಈಚೆ ದಂಡೆಗೆ ಬಂದಾಗ ಹನಿಯೂ ಬಿದ್ದಿರಲಿಲ್ಲ. ಆಚೆ ದಂಡೆಯ ತೋಟದ ಗೇಟಿನ ಬಳಿ ಭಾವನ ಬಿಳಿ ಕಾರು ನಿಂತಿತ್ತು. ಜುಬೇದಾ ಬ್ರೇಕು ಹಾಕಿದಳು.

"ಮಂಗಳಾ, ನಾನು ಗಾಡಿ ಇಳಿಸುದಿಲ್ಲ. ನನಗೆ ಧೈರ್ಯ ಇಲ್ಲ ಮಾರಾಯ್ತಿ, ಮನೇಲಿ ಮಕ್ಕಳಿದ್ದಾರೆ. ನೀನು ನಡ್ಕೊಂಡು ಹೋಗು. ನೀರು ಕಂಡ್ರೆ ನಾನು ಹಾರ್ನ್ ಒತ್ತುತ್ತೇನೆ. ಹಾರ್ನ್ ಕೇಳಿದ್ರೆ ವಾಪಸ್ ಇಳೀಬೇಡ, ಮೇಲೆ ಹತ್ತು. ಆಯ್ತಾ?"

ನಾನು ಕಲ್ಲುಗಳ ಮೇಲೆ ಓಡಿದೆ. ಗಾಳಿ ತಣ್ಣಗಾಗಿತ್ತು. ಗೇಟು ದಾಟುವ ಮೊದಲೇ ಖಾನನ ಕೂಗು ಕೇಳಿಸಿತು. ಏರಿಯ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದ. "ಸಾಬ್! ನಿಕಲೋ! ಖಲಾಸ್ ಕರೋ!"

ಭಾವ ನೀರಿನಲ್ಲಿದ್ದರು. ಎದೆಮಟ್ಟದ ನೀರು. ನಿನ್ನ ಅಂಗಿಯ ಜೇಬುಗಳು ಉಬ್ಬಿ ತೇಲುತ್ತಿದ್ದವು. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಅದರ ತುದಿಯಿಂದ ದಾರ ಬಿಗಿಯಾಗಿ ಹೋಗಿ, ಮುಳುಗಿದ ಜಾಲಿಮರದ ಕೊಂಬೆಗಳ ನಡುವೆ ನೀರಿಗಿಳಿದಿತ್ತು. ಅವರು ಆ ಮರದ ಕಡೆಗೇ ಒಂದೊಂದೇ ಹೆಜ್ಜೆ ಇಡುತ್ತಿದ್ದರು.

"ಭಾವಾ!"

ಅವರು ತಿರುಗಿ ನೋಡಿದರು. ನನ್ನನ್ನು ಕಂಡು ಆಶ್ಚರ್ಯವನ್ನೂ ಪಡಲಿಲ್ಲ. "ಸಿಕ್ಕಿಹಾಕ್ಕೊಂಡ್ಬಿಟ್ಟಿದೆ ಮಂಗಳಾ," ಎಂದರು, ಮನೆಯಲ್ಲಿ ನಲ್ಲಿ ಸೋರುತ್ತಿದೆ ಎಂಬ ಹಾಗೆ.

"ಬಿಟ್ಟು ಬರ್ರಿ! ಬೆಟ್ಟದ ಮ್ಯಾಲೆ ಮಳಿ ಆಗಾಕತ್ತೈತಿ!" ಗಾಬರಿಯಲ್ಲಿ ನನ್ನ ಬಾಯಿಗೆ ನಮ್ಮೂರೇ ಬಂತು.

"ಎಳೆದ್ರೆ ಕಿತ್ತೋಗತ್ತೆ. ಅದು ಅವಳು ಕಟ್ಟಿದ ಗಂಟು."

ನಾನೇನು ಹೇಳಬೇಕಿತ್ತು, ಅಕ್ಕಾ? ಅಂಗಡಿಯಲ್ಲಿ ಅಂಥ ಕಪ್ಪೆಗಳು ಬೇಕಾದಷ್ಟು ಸಿಗುತ್ತವೆ ಎಂದೇ? ಖಾನ್ ನನ್ನ ತೋಳು ಹಿಡಿದು ಬೆಟ್ಟದ ಸಂದಿಯ ಕಡೆ ತೋರಿಸಿದ. ಕೆರೆಯ ಆ ತುದಿಯಲ್ಲಿ ಹಸಿರು ನೀರಿನೊಳಕ್ಕೆ ಕಂದು ನೀರಿನ ನಾಲಿಗೆಯೊಂದು ಚಾಚಿಕೊಳ್ಳುತ್ತಿತ್ತು. ಇನ್ನೂ ಸದ್ದಿಲ್ಲ. ಒಣ ಸೊಪ್ಪು, ನೊರೆ, ಆಡಿನ ಹಿಕ್ಕೆ ಮಾತ್ರ ತೇಲಿ ಬರುತ್ತಿದ್ದವು. ಅಂಚಿನಲ್ಲಿ ಜಿಲೇಬಿ ಮೀನುಗಳು ಗುಂಪುಗುಂಪಾಗಿ ದಡಕ್ಕೆ ಒತ್ತಿಕೊಂಡಿದ್ದವು.

ಚಪ್ಪಲಿ ಕಳಚಿ ನೀರಿಗಿಳಿದೆ. ಕೆಸರು ಮೊಣಕಾಲಿನವರೆಗೆ ಎಳೆಯಿತು, ಆದ್ದರಿಂದ ಈಜಿಕೊಂಡೇ ಹೋದೆ. ಆಗ ದೂರದಲ್ಲಿ ಹಾರ್ನ್ ಕೇಳಿಸಿತು. ಒಮ್ಮೆಯಲ್ಲ. ಉದ್ದಕ್ಕೆ, ಬಿಡದೆ. ಹಳ್ಳಕ್ಕೆ ನೀರು ಬಂದಿತ್ತು. ನಾವು ಈ ಕಡೆ ಉಳಿದೆವು.

"ಭಾವಾ, ಕೋಲು ಕೊಡ್ರಿ."

"ಇನ್ನು ನಾಲ್ಕು ಹೆಜ್ಜೆ ಅಷ್ಟೇ. ಕೊಂಬೆ ಕೈಗೆ ಸಿಕ್ಕಿದ್ರೆ ಬಿಡಿಸ್ಕೋತೀನಿ."

"ಮುಂದೆ ಆಳ ಐತಿ. ನಿಮಗ ಈಜು ಬರೂದಿಲ್ಲ."

"ಗೊತ್ತು."

ಆ "ಗೊತ್ತು" ಎನ್ನುವ ಮಾತಿನಲ್ಲಿ ಹಟವಿರಲಿಲ್ಲ, ಅಳುವೂ ಇರಲಿಲ್ಲ. ಅವರ ಕಣ್ಣು ದಾರದ ಮೇಲಿತ್ತು. ನೀನು ಬಳಸುತ್ತಿದ್ದ ಹೆಣೆದ ದಾರ ಅದು, ಹಲ್ಲಿಗೆ ಹರಿಯುವಂಥದಲ್ಲ. ಆಗ ನಿನ್ನ ಅಂಗಿಯ ಎದೆಯ ಮೇಲೆ ಸಣ್ಣ ಸರಪಳಿಯಲ್ಲಿ ತೂಗುವ ಉಗುರುಕತ್ತರಿ ಕಂಡಿತು. ಅದನ್ನು ಹಿಡಿದೆ. ಅವರಿಗೆ ಅರ್ಥವಾಯಿತು. "ಬೇಡ," ಎಂದರು. "ಮಂಗಳಾ, ಬೇಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ." ಸರಪಳಿ ಗಿಡ್ಡ. ದಾರ ಅದರ ಹತ್ತಿರಕ್ಕೆ ಬರಬೇಕಾದರೆ ಕೋಲನ್ನು ಬಗ್ಗಿಸಬೇಕು. ನಾನು ಅವರ ಕೈಮೇಲೆ ಕೈಯಿಟ್ಟು ಕೋಲನ್ನು ಕೆಳಗೆಳೆದೆ. ಅವರು ಮೇಲೆತ್ತಿದರು. ನಾವಿಬ್ಬರೂ ಆ ನೀರಿನಲ್ಲಿ ಮಕ್ಕಳಂತೆ ಜಗ್ಗಾಡಿದೆವು. ನಿನ್ನ ಮೇಲೆ ಎಂದಾದರೂ ನನಗೆ ಸಿಟ್ಟು ಬಂದಿದ್ದರೆ ಅದು ಆಗ. ಇಷ್ಟು ಗಟ್ಟಿಯಾಗಿ ಯಾಕೆ ಕಟ್ಟಿದೆ? ಕಟ್ಟಿಟ್ಟು ಯಾಕೆ ಹೋದೆ?

ಕತ್ತರಿಸಿದೆ.

ಟಿಕ್ ಎಂದಿತು, ಅಷ್ಟೇ. ಬಿಗಿದಿದ್ದ ದಾರ ನೀರಿನ ಮೇಲೆ ಒಮ್ಮೆ ಗೆರೆಯೆಳೆದು ಒಳಗೆ ಹೋಯಿತು.

ಭಾವ ನನ್ನ ಮುಖ ನೋಡಿದರು. ಆ ನೋಟವನ್ನು ನಿನಗೆ ಹೇಗೆ ವಿವರಿಸಲಿ? ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೆಟ್ಟದ ಸಂದಿಯಿಂದ ಲಾರಿಗಟ್ಟಲೆ ಜಲ್ಲಿ ಸುರಿದಂಥ ಸದ್ದು ಬಂತು. ತಣ್ಣನೆಯ ನೀರು ಕಾಲ ಬುಡದಲ್ಲಿ ನುಗ್ಗಿತು. ಅವರ ಪಾದ ನೆಲ ಬಿಟ್ಟಿತು. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಕನ್ನಡಕ ಹೋಯಿತು, ಕೋಲು ಹೋಯಿತು. ನಾನು ನಿನ್ನ ಅಂಗಿಯ ಕತ್ತುಪಟ್ಟಿಯನ್ನು ಹಿಡಿದುಕೊಂಡೆ. ಅವರು ನನ್ನ ಕುತ್ತಿಗೆಯನ್ನು ಹಿಡಿದರು. ಇಬ್ಬರೂ ನೀರು ಕುಡಿದೆವು. ಇನ್ನು ನನ್ನಿಂದ ಆಗುವುದಿಲ್ಲ ಎನ್ನಿಸಿದ ಒಂದು ಕ್ಷಣವಿತ್ತು ಅಕ್ಕಾ, ಅದು ಸುಳ್ಳಲ್ಲ.

"ಬೆಹೆನ್! ಪಕಡೋ!" ಖರ್ಜೂರದ ಗಿಡಗಳಿಗೆ ನೀರು ಹಾಯಿಸುವ ಕಪ್ಪು ಪೈಪನ್ನು ಖಾನ್ ಎಸೆದಿದ್ದ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ನನ್ನ ಮುಖಕ್ಕೇ ಬಡಿಯಿತು. ತೋಳಿಗೆ ಸುತ್ತಿಕೊಂಡೆ. ಅವನು ಪೈಪಿನ ಇನ್ನೊಂದು ಕಡೆಯನ್ನು ಪಂಪಿನ ಕಂಬಕ್ಕೆ ಒಂದು ಸುತ್ತು ಹಾಕಿ, ಹಿಂದಕ್ಕೆ ವಾಲಿ, ಅಲ್ಲಾಹನನ್ನು ಕರೆಯುತ್ತ ಎಳೆದ. ಏರಿಯ ಕಲ್ಲುಗಳಿಗೆ ನನ್ನ ಮೊಣಕಾಲು ತರಚಿದಾಗ ಅದೆಂಥ ಸುಖ ಅನ್ನಿಸಿತು!

ಕೆರೆ ತುಂಬಿ ಕೋಡಿ ಬಿತ್ತು. ಏರಿ ಒಡೆದರೆ ಎಂದು ಖಾನ್ ನಮ್ಮನ್ನು ಇನ್ನೂ ಮೇಲಕ್ಕೆ, ಬಂಡೆಯ ಬಳಿಗೆ ಓಡಿಸಿದ. ಒಡೆಯಲಿಲ್ಲ. ಆದರೆ ಕೋಡಿಯ ನೀರಿನಲ್ಲಿ ಬೆಳ್ಳಗೆ ಹೊಳೆಯುತ್ತ ಮೀನುಗಳು ಹಳ್ಳಕ್ಕೆ ಹೋಗುವುದು ಕಾಣುತ್ತಿತ್ತು. ಜುಬೇದಾಳ ಹಾರ್ನ್ ಇನ್ನೂ ನಿಂತಿರಲಿಲ್ಲ. ನಾವು ಬದುಕಿರುವುದು ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಫೋನು ನೀರು ಕುಡಿದಿತ್ತು. ಭಾವನ ಕಾರಿಗೆ ಓಡಿ ಹಾರ್ನ್ ಒತ್ತಿದೆ. ಅವಳದು ನಿಂತಿತು. ನಾನು ಮತ್ತೆ ಒತ್ತಿದೆ. ಅವಳು ಉತ್ತರ ಕೊಟ್ಟಳು. ಸಂಜೆಯ ಹೊತ್ತಿಗೆ ಹಳ್ಳದ ನೀರು ಇಳಿದು ನಾವು ಈಚೆ ದಂಡೆಗೆ ದಾಟಿದಾಗ ಅವಳು ನನ್ನನ್ನು ತಬ್ಬಿಕೊಳ್ಳಲಿಲ್ಲ, ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನನ್ನ ಜೀವ ಹೋಯ್ತು ಮಾರಾಯ್ತಿ!"

ವಾಪಸ್ ಬರುವಾಗ ಭಾವನ ಕಾರನ್ನು ನಾನು ಓಡಿಸಿದೆ. ಕನ್ನಡಕವಿಲ್ಲದ ಅವರು ಕಿಟಕಿಗೆ ಮುಖ ಮಾಡಿ ಕುಳಿತಿದ್ದರು. ಬಹಳ ದೂರ ಬಂದ ಮೇಲೆ ಕೇಳಿಯೇಬಿಟ್ಟೆ. "ಭಾವಾ, ನಿಜ ಹೇಳಿ. ನೀವು ಸಾಯೋಕೆ ಅಂತ ಹೋಗಿದ್ರಾ?"

"ಇಲ್ಲಮ್ಮ. ಅವಳು ಹೋಗಬೇಕು ಅಂತಿದ್ದಳಲ್ಲ, ಅವಳ ಬದಲು ಒಂದು ಸಲ ಎಸೆದು ಬರೋಣ ಅಂತ ಹೋದೆ." ನಿನ್ನ ಅಂಗಿಯ ಜೇಬೊಂದರ ಗುಂಡಿ ಹಾಕುತ್ತ, "ಸಿಕ್ಕಿಹಾಕ್ಕೊಂಡ ಮೇಲೆ... ಆಮೇಲಿಂದು ನನಗೂ ಗೊತ್ತಿಲ್ಲ," ಎಂದರು. ಕಾರಿನಿಂದಿಳಿಯುವಾಗ, "ನೀನು ಕತ್ತರಿಸಬಾರದಿತ್ತು," ಎಂದರು.

ಆಮೇಲೆ ಅವರು ನನ್ನ ಫೋನು ಎತ್ತಲಿಲ್ಲ. ಜುಬೇದಾ ದಿನವೂ ಬಾಗಿಲು ತಟ್ಟಿ ಊಟ ಕೊಟ್ಟು, "ತಿಂದಿದ್ದಾರೆ, ಮಾತಿಲ್ಲ" ಎಂದು ನನಗೆ ಹೇಳುವಳು. ನಾನು ಖಾಲಿದಿಯಾದ ಶಾಲೆಯ ಆಫೀಸಿನಲ್ಲಿ ಕುಳಿತು ಕೆಲಸ ಮಾಡುವಾಗಲೂ ಆ ಟಿಕ್ ಸದ್ದು ಕೇಳುತ್ತಿತ್ತು. ನಾನು ಮಾಡಿದ್ದು ಸರಿಯೇ. ಮತ್ತೆ ಹಾಗಾದರೆ ಮತ್ತೆ ಹಾಗೇ ಮಾಡುತ್ತೇನೆ. ಆದರೂ ನಿನ್ನ ಕೈ ಮುಟ್ಟಿದ್ದನ್ನು ಕತ್ತರಿಸಿದವಳು ನಾನೇ ಅಲ್ಲವೇ? ಇನ್ನೆಂದೂ ಅವರು ನನ್ನೊಡನೆ ಮಾತಾಡದಿದ್ದರೆ?

ಮುಂದಿನ ವಾರವೂ ಕಳೆದ ಮೇಲೆ ಒಂದು ಬೆಳಿಗ್ಗೆ ಭಾವನ ಕರೆ ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ನಿನ್ನ ಹತ್ರ ಬಕೆಟ್ ಇದ್ಯಾ?"

"ಬಕೆಟ್ಟಾ?"

"ದೊಡ್ಡದು. ಖಾನ್ ಫೋನ್ ಮಾಡಿದ್ದ. ಹಳ್ಳದ ಗುಂಡಿಗಳಲ್ಲಿ ಮೀನು ಸಿಕ್ಕಿಕೊಂಡಿವೆಯಂತೆ. ನೀರು ಬತ್ತುತಾ ಇದೆಯಂತೆ. ಅರ್ಬಾಬ್ ವಾಪಸ್ ಕೆರೆಗೆ ಬಿಡಿ ಅಂದಿದಾನಂತೆ." ಉಸಿರೆಳೆದುಕೊಂಡು, "ಅವಳ ಮೀನುಗಳಲ್ವೇನೇ?" ಎಂದರು.

ಆಕಾಶ ತೊಳೆದಿಟ್ಟಂತಿದ್ದ ಆ ದಿನ ನಾವು ಮೂವರೂ ಹೋದೆವು. ಜುಬೇದಾ ತನ್ನ ಬಿರಿಯಾನಿಯ ದೊಡ್ಡ ಪಾತ್ರೆಯನ್ನೇ ತಂದಿದ್ದಳು. "ತೊಳ್ದು ಕೊಡ್ಬೇಕು ನೀವೇ," ಎಂದು ಷರತ್ತು. ಕಲ್ಲುಗಳ ನಡುವಿನ ಗುಂಡಿಗಳಲ್ಲಿ ನೀರು ಬೆಚ್ಚಗಾಗಿ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ಹೀರುತ್ತಿದ್ದವು. ಆಕಾಶದಲ್ಲಿ ಹದ್ದುಗಳು ಸುತ್ತುತ್ತಿದ್ದವು. ಹೊತ್ತೇರಿದಂತೆ ಗುಂಡಿಗಳು ಕಣ್ಣೆದುರೇ ಕುಗ್ಗುತ್ತಿದ್ದವು. ಭಾವ ಪ್ಯಾಂಟು ಮಡಚಿ ಮೊದಲ ಗುಂಡಿಗೆ ಇಳಿದು, ಕಣ್ಣು ಮುಚ್ಚಿ, ಮುರುಗೋಡು ಮೀನೊಂದಕ್ಕೆ ಕೈ ಹಾಕಿದರು. ಅದು ಮುಳ್ಳು ಚುಚ್ಚಿತು. "ಅಯ್ಯೋ ಮುಂಡೇದೇ!" ಎಂದು ಕೂಗಿಕೊಂಡರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

"ನಿಮ್ಮಕ್ಕ ಇದನ್ನ ಹೇಗೆ ಹಿಡೀತಿದ್ಲು?"

ನಾನು ತೋರಿಸಿದೆ. ಮುಳ್ಳುಗಳ ಹಿಂದೆ ಬೆರಳು, ತಲೆಯ ಕೆಳಗೆ ಅಂಗೈ. ಅವರು ಎರಡನೆಯದನ್ನು ಹಿಡಿದರು. ಮೂರನೆಯದನ್ನು ಹಿಡಿಯುವಾಗ ಕಣ್ಣು ಮುಚ್ಚಲಿಲ್ಲ. ಖಾನ್, ನಾನು, ಜುಬೇದಾ ಪಾತ್ರೆಗಳನ್ನು ಹೊತ್ತು ಹಳ್ಳದಿಂದ ಏರಿಗೆ, ಏರಿಯಿಂದ ಹಳ್ಳಕ್ಕೆ ಓಡಾಡಿದೆವು. ಕೆಲವು ದಾರಿಯಲ್ಲೇ ಸತ್ತವು. ಒಂದು ಗುಂಡಿಗೆ ನಾವು ತಲುಪುವ ಹೊತ್ತಿಗೆ ನೀರೇ ಇರಲಿಲ್ಲ.

ಕೊನೆಯ ಗುಂಡಿಯಲ್ಲಿ ಒಂದೇ ಒಂದು ಜಿಲೇಬಿ ಮೀನು ಉಳಿದಿತ್ತು. ಭಾವ ಅದನ್ನು ಬಕೆಟ್ಟಿನಲ್ಲಿ ಗೋರಿಕೊಂಡರು. ನೋಡಿದರೆ ಅದು ಬಾಯಿ ತೆರೆಯಿತು, ಒಳಗಿನಿಂದ ಸಾಸಿವೆಗಿಂತ ತುಸು ದೊಡ್ಡ ಮರಿಗಳು ಹೊಗೆಯಂತೆ ಹೊರಬಿದ್ದವು. ಭಾವ ಬೆಚ್ಚಿದರು. "ಮಂಗಳಾ, ಏನಾಯ್ತೇ ಇದಕ್ಕೆ?" ನಾನು ಹೇಳಿದೆ, ಈ ಜಾತಿ ಮರಿಗಳನ್ನು ಬಾಯಲ್ಲಿಟ್ಟುಕೊಂಡು ಸಾಕುತ್ತದೆ, ಹೆದರಿದಾಗ ಉಗುಳಿಬಿಡುತ್ತದೆ. ಹೆದರಿಕೆ ಹೋದರೆ ಮತ್ತೆ ಒಳಗೆ ತೆಗೆದುಕೊಳ್ಳುತ್ತದೆ.

ಅವರು ಆ ಬಕೆಟ್ಟನ್ನು ಯಾರಿಗೂ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದಂತೆ, ಕಲ್ಲು ನೋಡಿ ಕಲ್ಲು ನೋಡಿ ಏರಿ ಹತ್ತಿದರು. ಕೆರೆಗೆ ಮೊಣಕಾಲುದ್ದ ಇಳಿದು ಬಕೆಟ್ಟನ್ನು ಮುಳುಗಿಸಿದರು, ಆದರೆ ಬಗ್ಗಿಸಲಿಲ್ಲ. ಬಾಗಿ ಒಳಗೆ ನೋಡುತ್ತ ನಿಂತರು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಜುಬೇದಾ ಏರಿಯಿಂದ ಕೂಗಿದಳು, "ಎಂತ ನಿಂತಿದ್ದೀರಿ ರಘಣ್ಣ? ಬಿಟ್ಟು ಬನ್ನಿ, ಹಸಿವಾಗ್ತದೆ!"

ಭಾವ ತಲೆಯೆತ್ತಲಿಲ್ಲ. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಸುಮ್ಮನಿರುವಂತೆ ಸನ್ನೆ ಮಾಡಿದರು.

"ತಾಳಿ. ಇನ್ನೊಂದೆರಡು ಮರಿ ಒಳಗೆ ಹೋಗ್ಬೇಕು."

ನಿನ್ನ
ಮಂಗಿ